ತೆರೆಯದ ಆಂಪ್ಯೂಲ್, ಒಂದು ಒಳಲೆ ಹಾಲು

ಆ ತಾಯಿ ನಮ್ಮ ಲ್ಯಾಬಿಗೆ ಮೊದಲ ಸಲ ಬಂದ ದಿನ ಏನೇನು ಹೇಳಿದರು, ಅದರಲ್ಲಿ ನಾನು ಏನನ್ನು ಬರೆದುಕೊಂಡೆ ಎಂಬುದನ್ನು ಬರೀ ನೆನಪಿನ ಮೇಲೆ ನಿಂತು ಹೇಳುವ ಧೈರ್ಯ ಈಗ ನನಗಿಲ್ಲ. ಬಂದದ್ದು ನಿಜ. ಅವರ ಕೈಯಲ್ಲಿ ಉದ್ದನೆಯ ರಟ್ಟಿನ ಬಳೆ ಡಬ್ಬವೊಂದು ಇದ್ದದ್ದೂ ನಿಜ. ಹೊರಗೆ ಜೋರು ಮಳೆ ಎಂದು ಈ ಬರಹದ ಕರಡಿನಲ್ಲಿ ಬರೆದಿದ್ದೆ. ಓದಿದ ನಮ್ಮ ಲ್ಯಾಬ್ ಟೆಕ್ನಿಷಿಯನ್ ಮೇಡಂ, "ಮಳೆ ಎಲ್ಲಿತ್ತು ಸಾರ್? ಫ್ಯಾನ್ ಕೆಟ್ಟಿತ್ತು, ನೀವು ಫೈಲಲ್ಲಿ ಗಾಳಿ ಬೀಸ್ಕೊಳ್ತಿದ್ರಿ" ಎಂದು ಆ ಸಾಲಿನ ಮೇಲೆ ಗೀಟು ಎಳೆದರು. ಒಂದೇ ಗೀಟು. ಲ್ಯಾಬಿನಲ್ಲಿ ಅವರು ಮೂವತ್ತು ವರ್ಷದಿಂದ ಹೊಸಬರಿಗೆಲ್ಲ ಹೇಳಿಕೊಡುವ ಮೊದಲ ಪಾಠ ಅದು. ತಪ್ಪು ಬರೆದರೆ ಉಜ್ಜಬಾರದು, ಗೀಚಿ ಮುಚ್ಚಬಾರದು. ಒಂದು ಗೀಟು ಎಳೆದು ಪಕ್ಕದಲ್ಲಿ ಸಹಿ, ತಾರೀಕು ಹಾಕಬೇಕು. ಕೆಳಗಿನ ಅಕ್ಷರ ಓದಲು ಬರಬೇಕು.

ನಮ್ಮ ಲ್ಯಾಬ್ ಚಾಮರಾಜಪೇಟೆಯ ಅಡ್ಡರಸ್ತೆಯೊಂದರಲ್ಲಿ, ಹಳೆಯ ಕಾಲೇಜು ಕಟ್ಟಡದ ಮೊದಲ ಮಹಡಿಯಲ್ಲಿದೆ. ಎರಡು ಕೋಣೆ, ಒಂದು ಒಳ್ಳೆಯ ಯಂತ್ರ, ಎರಡು ಬೀಗದ ಒಂದು ಕಬ್ಬಿಣದ ಬೀರು. ಆಗ ನಾವು ಮಾಡುತ್ತಿದ್ದ ಅಧ್ಯಯನ ಚಿಕ್ಕದು. ಮಾಮೂಲಿ ಔಷಧಗಳಿಗೆ ಬಗ್ಗದ ಫಿಟ್ಸ್ ಇರುವ ಕೆಲವು ಮಕ್ಕಳಿಗೆ ಮನೆಯವರು ಆಯುರ್ವೇದ ವೈದ್ಯರ ಚೀಟಿ ತೋರಿಸಿ, ಗಾಂಜಾ ಗಿಡದ ಎಲೆಯಿಂದ ತೆಗೆದ ಎಣ್ಣೆಯನ್ನು ತಂದು ಕೊಡುತ್ತಾರೆ. ಪರವಾನಗಿ ಇರುವವರು ತಯಾರಿಸಿದ್ದೇ. ಮಕ್ಕಳನ್ನು ನೋಡುವ ನ್ಯೂರಾಲಜಿಸ್ಟ್‌ಗೂ ಗೊತ್ತಿದ್ದೇ ಕೊಡುವುದು. ಆ ಬಾಟಲಿಯಲ್ಲಿ ನಿಜಕ್ಕೂ ಏನಿದೆ, ಮಗುವಿನ ರಕ್ತಕ್ಕೆ ಅದು ಎಷ್ಟು ಸೇರುತ್ತದೆ, ಫಿಟ್ಸ್ ಕಡಿಮೆಯಾಗುತ್ತದೋ ಇಲ್ಲವೋ ಎಂಬುದಷ್ಟೇ ನಮ್ಮ ಪ್ರಶ್ನೆ. ನಾವು ಔಷಧ ಕೊಡುವವರಲ್ಲ, ಕೊಟ್ಟದ್ದನ್ನು ಅಳೆಯುವವರು.

ಆ ತಾಯಿಗೆ ಬಳೇಪೇಟೆಯಲ್ಲಿ ಬಳೆಯ ಸಗಟು ಅಂಗಡಿ. ಮಗಳಿಗೆ ಒಂಬತ್ತು ವರ್ಷ. ನಿಂತಲ್ಲೇ ಕುಸಿದು ಬೀಳುವ ಜಾತಿಯ ಫಿಟ್ಸ್. ಬಳೆ ಡಬ್ಬ ತೆರೆದರೆ ಅದರ ತುಂಬ ದಿನಕ್ಕೊಂದು ಹರಿಯುವ ಕ್ಯಾಲೆಂಡರಿನ ಹಾಳೆಗಳು, ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದವು. ತಿಥಿ, ನಕ್ಷತ್ರ, ರಾಹುಕಾಲದ ಪಕ್ಕದಲ್ಲಿ ಪೆನ್ಸಿಲಿನ ಸಣ್ಣ ಸೊನ್ನೆಗಳು. ಒಂದು ಸೊನ್ನೆ ಎಂದರೆ ಒಂದು ಸಲ ಬಿದ್ದದ್ದು. ನಾನು ಅನುಮಾನದ ಪ್ರಾಣಿ. ಮನೆಯವರು "ಈಗ ಎಷ್ಟೋ ವಾಸಿ" ಎಂದರೆ ನಂಬುವವನಲ್ಲ. ಆಸೆಗೆ ಎಣಿಕೆ ಬರುವುದಿಲ್ಲ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಾ ಬಂದವನು. ಆದರೆ ಈ ಹಾಳೆಗಳನ್ನು ಬಿಡಿಸಿ ಎಣಿಸತೊಡಗಿದೆ. ಎಣ್ಣೆ ಶುರುವಾಗುವ ಮುಂಚಿನ ವಾರಗಳಲ್ಲಿ ಇಪ್ಪತ್ತರ ಆಚೀಚೆ ಸೊನ್ನೆ. ಆಮೇಲೆ ಹನ್ನೆರಡು, ಏಳು, ಐದು.

"ಎಲ್ಲಾ ನೀವೇ ಗುರುತು ಹಾಕಿದ್ದಾ?" ಎಂದು ಕೇಳಿದೆ.

"ನಾನು ಗಿರಾಕಿ ನೋಡ್ತಿದ್ರೆ ಅವಳೇ ಹಾಕ್ತಾಳೆ ಸಾರ್. ಬಿದ್ದು ಎದ್ದ ತಕ್ಷಣ ಪೆನ್ಸಿಲ್ ಕೇಳ್ತಾಳೆ."

ಕೆಲಸ ಶುರು ಮಾಡಿದೆವು. ಅಳೆಯುವುದೇ ಕಷ್ಟವಾಯಿತು.

ಈ ಗಿಡದ ಹೂತುದಿ ಮತ್ತು ಅಂಟು ಮಾದಕ ವಸ್ತು ಕಾಯ್ದೆಯ ಒಳಗೆ ಬರುತ್ತವೆ. ಹೂತುದಿ ಇಲ್ಲದ ಬರೀ ಎಲೆ ಆ ಕಾಯ್ದೆಯ ವ್ಯಾಖ್ಯೆಗೆ ಹೊರಗೆ. ಹಾಗಾಗಿ ಎಲೆಯ ಎಣ್ಣೆಯನ್ನು ಚೀಟಿ ಹಿಡಿದು ಅಂಗಡಿಯಲ್ಲಿ ಕೊಳ್ಳಬಹುದು. ಆ ಎಣ್ಣೆಯಲ್ಲಿ ಎಷ್ಟಿದೆ ಎಂದು ಅಳೆಯಬೇಕಾದ ಪದಾರ್ಥಗಳು ಮುಖ್ಯವಾಗಿ ಎರಡು. ಅಮಲು ಬರಿಸುವ ಟಿಎಚ್‌ಸಿ ಒಂದು, ಅಮಲಿಲ್ಲದ, ಕೆಲವು ಬಗೆಯ ಫಿಟ್ಸ್‌ಗೆ ಉಪಯೋಗ ಕಂಡಿರುವ ಸಿಬಿಡಿ ಇನ್ನೊಂದು. ಯಂತ್ರಕ್ಕೆ ತಾನಾಗಿ ಏನೂ ಗೊತ್ತಿರುವುದಿಲ್ಲ. ಇಷ್ಟು ಪ್ರಮಾಣದ ಶುದ್ಧ ಪದಾರ್ಥ ಹೀಗೆ ಕಾಣುತ್ತದೆ ಎಂದು ಮೊದಲು ಅದಕ್ಕೆ ತೋರಿಸಬೇಕು. ತಕ್ಕಡಿ ಇದ್ದರೆ ಸಾಲದು, ತೂಕದ ಬಟ್ಟೂ ಬೇಕಲ್ಲ, ಹಾಗೆ. ನಮ್ಮ ಬಟ್ಟು ಆ ಎರಡೂ ಶುದ್ಧ ಪದಾರ್ಥ ಸೇರಿದ ಒಂದು ದ್ರಾವಣ. ಹೊರದೇಶದಿಂದ ಬರಬೇಕು. ಶುದ್ಧ ಟಿಎಚ್‌ಸಿ ಕಾಯ್ದೆಯ ಪಟ್ಟಿಯಲ್ಲಿರುವ ವಸ್ತು. ಬಾಟಲಿಯನ್ನು ಯಾರು ಬೇಕಾದರೂ ಚೀಟಿ ತೋರಿಸಿ ತರಬಹುದು, ಅದರಲ್ಲಿ ಏನಿದೆ ಎಂದು ನೋಡುವವನಿಗೆ ಮಾತ್ರ ಸರ್ಕಾರದ ಮೂರು ಮೇಜುಗಳ ಒಪ್ಪಿಗೆ ಬೇಕು.

ಮೊದಲ ಮೇಜಿನ ಗುಮಾಸ್ತರು ಒಳ್ಳೆಯವರು. ಕುರ್ಚಿ ಕೊಟ್ಟು ಕೂರಿಸಿದರು.

"ಎಷ್ಟು ಕೆಜಿ ಸಾರ್?"

"ಕೆಜಿ ಅಲ್ಲ. ಒಂದು ಮಿಲಿಗ್ರಾಂ."

"ಮಿಲಿಗ್ರಾಂಗೆ ನಮ್ಮ ಫಾರ್ಮಲ್ಲಿ ಕಾಲಂ ಇಲ್ವಲ್ಲ. ಪಾಯಿಂಟ್ ಹಾಕಿ ಕೆಜಿಲೇ ಬರೀರಿ."

ಸೊನ್ನೆ ಪಾಯಿಂಟ್, ಐದು ಸೊನ್ನೆ, ಒಂದು ಎಂದು ಬರೆದೆ. ಮೂರು ವಾರದ ನಂತರ ಫೈಲು ವಾಪಸು ಬಂತು. ಎರಡನೇ ಮೇಜಿನಲ್ಲಿ ಟೈಪು ಮಾಡುವಾಗ ಒಂದು ಸೊನ್ನೆ ಬಿಟ್ಟುಹೋಗಿ, ನಾವು ಕೇಳಿದ್ದಕ್ಕಿಂತ ಹತ್ತು ಪಟ್ಟು ಆಗಿತ್ತು. ಅದರ ವಿವರಣೆಗೆ ಮತ್ತೊಂದು ಪತ್ರ. ಸಿಬಿಡಿ ಒಂದನ್ನೇ ತರಿಸಿದರೆ ಬೇಗ ಆಗುತ್ತದೆಯೇ ಎಂದು ಕೇಳಿದರೆ, "ಗಿಡ ಒಂದೇ ತಾನೇ ಸಾರ್, ಫೈಲೂ ಒಂದೇ" ಎಂಬ ಉತ್ತರ. ಕಾಲೇಜಿಗೆ ಬಂದು ಈ ಕಾಲಂ ಕಥೆಯನ್ನು ಕ್ಯಾಂಟೀನಿನಲ್ಲಿ ರಸವತ್ತಾಗಿ ಹೇಳಿದೆ. ಎಲ್ಲರೂ ನಕ್ಕರು. ನಾನೇ ಜಾಸ್ತಿ ನಕ್ಕೆ.

ಕೊನೆಗೂ ಪರವಾನಗಿ ಬಂತು, ಒಂದು ಗೊತ್ತಾದ ತಾರೀಕಿನವರೆಗೆ ಮಾತ್ರ ಊರ್ಜಿತ. ಆರ್ಡರ್ ಕಳಿಸಿದೆವು. ಪಾರ್ಸೆಲ್ ಬಂದರಿನ ಗೋದಾಮಿನಲ್ಲಿ ಕೂತಿತು. ಯಾಕೆ ಎಂದು ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ.

ಈ ಮಧ್ಯೆ ಹುಡುಗಿ ಮತ್ತೆ ಬೀಳತೊಡಗಿದಳು.

ವಾರಕ್ಕೆ ಐದಿದ್ದ ಸೊನ್ನೆ ಹನ್ನೊಂದಾಯಿತು, ಹದಿನಾರಾಯಿತು. ಒಂದು ದಿನ ಹಣೆಗೆ ನಾಲ್ಕು ಹೊಲಿಗೆ. ತಾಯಿ ಲ್ಯಾಬಿಗೆ ಬಂದು ಎಣ್ಣೆಯ ಬಾಟಲಿಯನ್ನು ಮೇಜಿನ ಮೇಲಿಟ್ಟರು. ಅದು ಮೂರನೆಯ ಬಾಟಲಿ.

"ಇದರಲ್ಲೇ ಏನೋ ಮೋಸ ಇದೆ ಸಾರ್. ಹಿಂದಿನ ಎರಡು ಚೆನ್ನಾಗಿತ್ತು. ಅಳೆದು ಹೇಳಿ."

"ಅಳೆಯೋ ಸಾಮಾನು ಇನ್ನೂ ಬಂದಿಲ್ಲಮ್ಮ."

"ಯಾವಾಗ್ ಬರುತ್ತೆ? ಡಾಕ್ಟ್ರು ಎರಡು ವಾರ ಟೈಮ್ ಕೊಟ್ಟಿದಾರೆ. ಆಮೇಲೂ ಹಿಂಗೇ ಇದ್ರೆ ಎಣ್ಣೆ ನಿಲ್ಸಿ ಹಳೇ ಮಾತ್ರೆಗೇ ಹೋಗಬೇಕು ಅಂದ್ರು." ಬಾಟಲಿಯನ್ನು ನನ್ನ ಕಡೆ ಸರಿಸಿ ಹೇಳಿದರು: "ಆ ಮಾತ್ರೆ ತಗೊಂಡಾಗ ಮೂರು ತಿಂಗಳು ಅವಳು ಮಾತೇ ಆಡಿಲ್ಲ ಸಾರ್. ಬೀಳ್ತಿರ್ಲಿಲ್ಲ ನಿಜ. ಅಮ್ಮಾ ಅಂತಾನೂ ಅಂತಿರ್ಲಿಲ್ಲ."

ನ್ಯೂರಾಲಜಿಸ್ಟ್ ಹೇಳಿದ್ದು ತಪ್ಪಲ್ಲ. ಬೀಳುವ ಮಗುವನ್ನು ಬೀಳಲು ಬಿಟ್ಟು ಕಾಯುವುದಕ್ಕಾಗುವುದಿಲ್ಲ. ಫೋನು ಮಾಡಿದಾಗ ಅವರು, "ಬಾಟಲಿಯಲ್ಲಿ ಸಿಬಿಡಿ ಕಡಿಮೆ ಇದೆ ಅಂತ ನೀವು ಬರೆದುಕೊಟ್ಟರೆ ನಾನು ಬೇರೆ ಬ್ಯಾಚ್ ಪ್ರಯತ್ನಿಸಬಹುದು. ಸುಮ್ಮನೆ ಊಹೆ ಮೇಲೆ ಎಷ್ಟು ದಿನ ಅಂತ ಇರಲಿ?" ಎಂದರು. ಒಂದು ಮಗು ಮಾತು ಉಳಿಸಿಕೊಳ್ಳುತ್ತದೋ ಇಲ್ಲವೋ ಎಂಬುದು ಗೋದಾಮಿನಲ್ಲಿ ಕೂತ ಒಂದು ಮಿಲಿಲೀಟರ್ ದ್ರಾವಣಕ್ಕೆ ಬಂದು ನಿಂತಿತ್ತು. ಕನಿಷ್ಠ ನನಗೆ ಹಾಗೆ ಕಂಡಿತು.

ಪಾರ್ಸೆಲ್ ಬಂದದ್ದು ಎರಡು ವಾರದಲ್ಲಿ ಎಂಟು ದಿನ ಕಳೆದ ಮೇಲೆ. ಪರವಾನಗಿಯ ಅವಧಿ ಮುಗಿದು ಆಗಲೇ ಮೂರು ದಿನವಾಗಿತ್ತು.

ಮೇಡಂ ಪೆಟ್ಟಿಗೆ ಬಿಚ್ಚಿದರು. ತಣ್ಣಗಿಡುವ ಜೆಲ್ ಪೊಟ್ಟಣಗಳು ಕರಗಿ ಬೆಚ್ಚಗಾಗಿದ್ದವು. ನಡುವೆ ಹತ್ತಿಯಲ್ಲಿ ಸುತ್ತಿದ ಆಂಪ್ಯೂಲ್, ಬಾಯಿ ಬೆಸೆದ ಕಂದು ಗಾಜಿನ ಸೀಸೆ, ನನ್ನ ಕಿರುಬೆರಳಿನಷ್ಟು. ಅದನ್ನು ಬೆಳಕಿಗೆ ಹಿಡಿದು ನೋಡಿದರು. ಬಾಗಿಲು ಹಾಕಿ ಬಂದರು.

"ತೆಗೀರಿ ಸಾರ್. ನಲವತ್ತು ನಿಮಿಷದ ಕೆಲಸ. ರಿಜಿಸ್ಟರಲ್ಲಿ ಹಳೇ ತಾರೀಕಿಗೆ ನಾನೂ ಸೈನ್ ಹಾಕ್ತೀನಿ."

ಮೂವತ್ತು ವರ್ಷದಲ್ಲಿ ಒಂದು ತಾರೀಕನ್ನೂ ಹಿಂದುಮುಂದು ಮಾಡದ ಹೆಂಗಸು ಈ ಮಾತು ಹೇಳಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ. ಈ ಒಂದು ನೆನಪನ್ನು ಅವರೂ ತಿದ್ದಲಿಲ್ಲ. ಬೀರುವಿನ ಎರಡು ಬೀಗದಲ್ಲಿ ಒಂದರ ಕೀ ನನ್ನ ಹತ್ತಿರ, ಇನ್ನೊಂದರದು ಅವರ ಹತ್ತಿರ. ನನ್ನ ಸಹಿಯ ಕೆಳಗೆ ಅವರ ಸಹಿ. ನಿವೃತ್ತಿಗೆ ಹನ್ನೊಂದು ತಿಂಗಳಿತ್ತು.

ಆಂಪ್ಯೂಲನ್ನು ಕೈಗೆ ತೆಗೆದುಕೊಂಡೆ. ಕತ್ತು ಮುರಿಯಲು ಹೆಬ್ಬೆರಳು ಇಟ್ಟದ್ದೂ ಹೌದು.

ತೆರೆಯಲಿಲ್ಲ. ಕಾರಣಗಳನ್ನು ಆಗ ಹೀಗೆ ಜೋಡಿಸಿಕೊಂಡೆ: ಅನುಮತಿಯಿಲ್ಲದೆ ಮಾಡಿದ ಅಳತೆಯನ್ನು ನ್ಯೂರಾಲಜಿಸ್ಟ್‌ಗೆ ಬರೆದುಕೊಡಲಾಗದು. ಬೆಚ್ಚಗೆ ಕೂತ ದ್ರಾವಣ ಎಷ್ಟು ಕೆಟ್ಟಿದೆಯೋ ತಿಳಿಯದು, ಸವೆದ ಬಟ್ಟಿನಲ್ಲಿ ತೂಗಿ ಆ ತಾಯಿಗೆ ಒಂದು ಸುಳ್ಳು ಸಂಖ್ಯೆ ಕೊಟ್ಟಂತಾಗುತ್ತದೆ. ಮೇಡಂ ನಿವೃತ್ತಿಯ ಪ್ರಶ್ನೆ. ಇವೆಲ್ಲ ಸರಿಯಾದ ಕಾರಣಗಳೇ. ಇವುಗಳ ಜೊತೆಗೆ ಭಯವೂ ಇತ್ತು, ಅದನ್ನೂ ಬರೆದುಬಿಡುತ್ತೇನೆ.

ತಡವಾಗಿ ಬಂದಿದೆ ಎಂದು ಆವತ್ತೇ ಇಲಾಖೆಗೆ ತಿಳಿಸಿದೆವು. ಮಾರನೆಯ ದಿನ ಅಧಿಕಾರಿಯೊಬ್ಬರು ಬಂದು ಆಂಪ್ಯೂಲನ್ನು ಬೀರುವಿನಲ್ಲಿಡಿಸಿ, ಇಡೀ ಬೀರುವಿಗೆ ಅರಗಿನ ಮುದ್ರೆ ಹಾಕಿದರು. ನಮ್ಮ ಅಧ್ಯಯನದ ಮೂಲ ಫಾರ್ಮುಗಳೂ ಅದರೊಳಗೇ ಉಳಿದವು. ಆದೇಶ ಬರುವ ತನಕ ಮುಟ್ಟುವ ಹಾಗಿಲ್ಲ ಎಂದರು.

ಇನ್ನು ಐದು ದಿನ. ಕೈಯಲ್ಲಿ ಫಾರ್ಮಿಲ್ಲ, ಬಟ್ಟಿಲ್ಲ. ಸಂಜೆ ಸುಮ್ಮನೆ ಕೂತಿದ್ದೆ. ಮೇಡಂ ಬ್ಯಾಗು ಹೆಗಲಿಗೆ ಹಾಕಿಕೊಳ್ಳುತ್ತಾ, "ಆ ಮಗೂಗೆ ಎಣ್ಣೆ ಹೆಂಗೆ ಕೊಡ್ತಾರೆ ಅಂತ ಒಂದ್ಸಲ ನೋಡ್ಕೊಂಡು ಬರೋಣ್ವಾ ಸಾರ್? ಅದಕ್ಕೆ ಯಾರ ಪರ್ಮಿಷನ್ನೂ ಬೇಡ" ಎಂದರು. ಮಲ್ಲೇಶ್ವರದ ಬಸ್ಸು ಬಿಟ್ಟು ನನ್ನ ಜೊತೆ ಹೊರಟರು.

ಮಾರ್ಕೆಟ್ ದಾಟಿ ಚಿಕ್ಕಪೇಟೆಯ ಒಳಗಿಂದ ನಡೆದು ಹೋದೆವು. ಬಟ್ಟೆ ಮೂಟೆ ಹೊತ್ತವರಿಗೆ ದಾರಿ ಬಿಡುತ್ತಾ, ಕೈಗಾಡಿಗಳ ಸಂದಿನಲ್ಲಿ ಮೇಡಂ ನನಗಿಂತ ಚುರುಕಾಗಿ ನುಗ್ಗುತ್ತಿದ್ದರು. ಅಂಗಡಿ ಹತ್ತಡಿ ಅಗಲದ್ದು. ಎಡಗೋಡೆ ಪೂರ್ತಿ ಗಾಜಿನ ಬಳೆ. ಬಲಗೋಡೆಯಲ್ಲಿ ಒಂದೂ ಗಾಜಿನದಿಲ್ಲ, ಎಲ್ಲ ಪ್ಲಾಸ್ಟಿಕ್ಕು, ಲೋಹದವು. ಆ ಗೋಡೆಯ ಕೆಳಗೆ ದಪ್ಪ ಹಾಸಿಗೆ, ಹಾಸಿಗೆಯ ಮೇಲೆ ಹುಡುಗಿ. ತಲೆಗೆ ಹತ್ತಿ ತುಂಬಿ ಹೊಲಿದ ರೇಷ್ಮೆ ತುಂಡಿನ ಟೋಪಿ, ಅದಕ್ಕೆ ಜರಿ ಅಂಚು. ಬಳೆಗಳನ್ನು ಅಳತೆಯ ಪ್ರಕಾರ ಬೇರೆ ಮಾಡುತ್ತಿದ್ದಳು.

"ಅಂಕಲ್, ನಿಂಗೆ ಎರಡು ಎಂಟರ ದೊಡ್ಡ ಬಳೇನೂ ಆಗಲ್ಲ" ಎಂದಳು ನನ್ನ ಕೈ ನೋಡಿ.

"ನಮ್ಮ ಸಾರ್‌ಗೆ ಚಕ್ರಾನೇ ತೊಡಿಸ್ಬೇಕು ಪುಟ್ಟಿ" ಎಂದರು ಮೇಡಂ. ಹುಡುಗಿ ಬಿದ್ದು ಬಿದ್ದು ನಕ್ಕಳು.

ಎಣ್ಣೆ ಕೊಡುವ ಹೊತ್ತಾಗಿತ್ತು. ತಾಯಿ ನಾವು ಕೊಟ್ಟಿದ್ದ ಪ್ಲಾಸ್ಟಿಕ್ ಸಿರಿಂಜು ತಂದರು. ಸೂಜಿ ಇಲ್ಲದ್ದು, ಬಾಯಿಗೆ ಹಾಕುವಂಥದ್ದು. ಗೀಟಿಗೆ ಸರಿಯಾಗಿ ಎಳೆದು, ಬೆಳಕಿಗೆ ಹಿಡಿದು ಗುಳ್ಳೆ ತೆಗೆದು, ಬಾಯಿಗೆ ಬಿಟ್ಟರು. ಒಂದು ತೊಟ್ಟೂ ಹೆಚ್ಚುಕಮ್ಮಿಯಿಲ್ಲ. ನನ್ನ ಎಷ್ಟೋ ವಿದ್ಯಾರ್ಥಿಗಳಿಗಿಂತ ಚೊಕ್ಕ.

"ಊಟ?" ಎಂದೆ.

"ನೀವು ಹೇಳ್ದಂಗೇ ಸಾರ್. ಖಾಲಿ ಹೊಟ್ಟೇಲಿ ಕೊಟ್ಟು ಒಂದು ಗಂಟೆ ಆದ್ಮೇಲೆ."

ಮೇಡಂ ಹಾಸಿಗೆಯ ಅಂಚಿನಲ್ಲಿ ಕೂತು ಕೇಳಿದರು: "ಈ ಸಿರಿಂಜು ಬರೋ ಮುಂಚೆ ಹೆಂಗೆ ಕೊಡ್ತಿದ್ದೆ ತಾಯಿ?"

ಅವರು ಗಲ್ಲಾಪೆಟ್ಟಿಗೆಯ ಹಿಂದಿನ ಗೂಡಿನಿಂದ ಒಂದು ಬೆಳ್ಳಿ ಒಳಲೆ ತೆಗೆದರು. ಹಸುಗೂಸಿಗೆ ಹಾಲು ಕುಡಿಸುವ, ಒಂದು ಕಡೆ ಮೂತಿ ಇರುವ ಪುಟ್ಟ ಬಟ್ಟಲು. "ಚಮಚ ಕಂಡ್ರೆ ಬಾಯಿ ಬಿಗಿ ಹಿಡೀತಾಳೆ. ಇದಾದ್ರೆ ಸರಿ. ಹುಟ್ಟಿದಾಗಿಂದ ಇದರಲ್ಲೇ ಅಲ್ವಾ ಔಷಧಿ. ಎಣ್ಣೆ ಹಾಕಿ, ಮೇಲೆ ಬಿಸಿ ಹಾಲು, ಕೆನೆ ಸಮೇತ. ಕುಡಿಸಿ, ಇನ್ನೊಂದ್ಸಲ ಹಾಲು ಹಾಕಿ ತೊಳ್ದು ಅದನ್ನೂ ಕುಡಿಸೋದು. ಬೆಳ್ಳೀಗೆ ಅಂಟಿರೋದು ವೇಸ್ಟ್ ಆಗಬಾರ್ದಲ್ಲ ಅಕ್ಕ."

ನಾನು ಒಳಲೆಯನ್ನು ಕೈಗೆ ತೆಗೆದುಕೊಂಡು ನೋಡಿದೆ.

ಈ ಎಣ್ಣೆಯ ಸಿಬಿಡಿ ಕೊಬ್ಬಿನ ಜೊತೆ ಹೋದರೆ ಮೈಗೆ ಹಲವು ಪಟ್ಟು ಹೆಚ್ಚು ಸೇರುತ್ತದೆ. ಇದು ಗುಟ್ಟಲ್ಲ, ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತೇನೆ. ಎಲ್ಲ ಮಕ್ಕಳ ರಕ್ತವನ್ನೂ ಹೋಲಿಸಲು ಅನುಕೂಲವಾಗಲಿ ಎಂದು ಎಲ್ಲರಿಗೂ ಖಾಲಿ ಹೊಟ್ಟೆ, ಎಲ್ಲರಿಗೂ ಒಂದೇ ಸಿರಿಂಜು ಎಂದು ನಿಯಮ ಬರೆದವನು ನಾನೇ. ಮೂರನೆಯ ಬಾಟಲಿ ಶುರುವಾದ ವಾರವೇ ಸಿರಿಂಜೂ ಶುರುವಾಗಿತ್ತು. ಒಂದೇ ವಾರದಲ್ಲಿ ಎರಡು ಬದಲಾವಣೆ. ನನಗೆ ಕಂಡದ್ದು ಬಾಟಲಿ ಮಾತ್ರ. ಬೀಗ ಹಾಕಿದ ಕೋಣೆ ಒಂದಿದೆ ಎಂದಮೇಲೆ ಕಳೆದುಹೋದದ್ದೆಲ್ಲ ಅದರೊಳಗೇ ಇರಬೇಕು ಎಂದು ತಿಂಗಳುಗಟ್ಟಲೆ ಅದರ ಬಾಗಿಲು ಬಡಿಯುತ್ತಾ ನಿಂತಿದ್ದೆ.

"ಇದನ್ನ ಮೊದಲೇ ಹೇಳಬಾರದಿತ್ತಾ ಅಮ್ಮ?" ಎಂದೆ. ದನಿ ಸ್ವಲ್ಪ ಏರಿತ್ತೇನೋ.

ತಾಯಿ ಮುಖ ಸಣ್ಣದು ಮಾಡಿಕೊಂಡರು. "ಮೊದಲ್ನೇ ದಿನಾನೇ ಹೇಳಿದ್ನಲ್ಲ ಸಾರ್. ಒಂಬತ್ತು ವರ್ಷದವಳಿಗೆ ಒಳಲೆನಾ ಅಂತ ನಕ್ರಿ."

"ನಾನು ನಗಲಿಲ್ಲ. ಹೇಳಿದ್ದರೆ ಬರ್ಕೊಳ್ತಿದ್ದೆ."

"ನಕ್ರಿ ಸಾರ್" ಎಂದರು ಮೇಡಂ ಮೆಲ್ಲಗೆ. "ಕೆಟ್ಟದಾಗಿ ಅಲ್ಲ. ಆದ್ರೆ ನಕ್ರಿ."

ನನ್ನ ತಲೆಯಲ್ಲಿ ಆ ದಿನದ ಮಳೆ ಇತ್ತು. ಒಳಲೆ ಇರಲಿಲ್ಲ. ಫಾರ್ಮು ನೋಡೋಣವೆಂದರೆ ಬೀರುವಿಗೆ ಮುದ್ರೆ.

ಅಲ್ಲಿಂದಲೇ ನ್ಯೂರಾಲಜಿಸ್ಟ್‌ಗೆ ಫೋನು ಮಾಡಿದೆ. ಅವರು ಎಲ್ಲ ಕೇಳಿ, "ನಿಮ್ಮ ನಿಯಮಕ್ಕೆ ನಾನೂ ಒಪ್ಪಿದ್ದೆನಲ್ಲ" ಎಂದು ತಮ್ಮ ಪಾಲನ್ನೂ ತೆಗೆದುಕೊಂಡರು. ಎಣ್ಣೆಯ ಅಳತೆಗೆ ಸಿರಿಂಜೇ ಇರಲಿ, ಅದೇ ಪ್ರಮಾಣವನ್ನು ಮೊದಲಿನ ಹಾಗೆ ಕೆನೆ ಹಾಲಿನ ಜೊತೆ ಒಳಲೆಯಲ್ಲಿ ಕೊಡಲಿ, ನಾಲ್ಕನೇ ದಿನ ಲಿವರಿನ ರಕ್ತಪರೀಕ್ಷೆ ಆಗಲಿ, ಮೊದಲು ಹೇಳಿದ ಗಡುವಿನ ಮೇಲೆ ಎರಡು ವಾರ ಹೆಚ್ಚು ಕೊಡುತ್ತೇನೆ ಎಂದರು. ಆ ಹುಡುಗಿಯನ್ನು ಅಧ್ಯಯನದಿಂದ ಹೊರಗಿಟ್ಟೆವು. ನಿಯಮ ಮುರಿದವಳ ಅಂಕಿ ನಮ್ಮ ಲೆಕ್ಕಕ್ಕೆ ಬಾರದು. ಅಂಕಿ ಹೋಯಿತು ಎಂದು ನನಗೆ ಬೇಸರವಾಗದೆ ಇದ್ದದ್ದು ವೃತ್ತಿಯಲ್ಲಿ ಅದೇ ಮೊದಲು.

ಆ ವಾರ ಹದಿನಾಲ್ಕು ಸೊನ್ನೆ. ಮುಂದಿನ ವಾರ ಒಂಬತ್ತು. ಅದರ ಮುಂದಿನದು ಆರು. ಹಳೆಯ ಮಾತ್ರೆಗೆ ಹೋಗುವ ಮಾತನ್ನು ನ್ಯೂರಾಲಜಿಸ್ಟ್ ಕೈಬಿಟ್ಟರು.

ಇಷ್ಟಕ್ಕೆ ಹಾಲೇ ಕಾರಣ ಎಂದು ನಾನು ಎಲ್ಲೂ ಬರೆಯಲಾರೆ. ಫಿಟ್ಸ್ ತಾನಾಗಿ ಏರುತ್ತದೆ, ಇಳಿಯುತ್ತದೆ. ಒಬ್ಬಳೇ ಹುಡುಗಿಯ ಕ್ಯಾಲೆಂಡರ್ ಸಾಕ್ಷಿಯಾಗುವುದಿಲ್ಲ. ಮೂರನೆಯ ಬಾಟಲಿಯಲ್ಲಿ ನಿಜಕ್ಕೂ ಎಷ್ಟಿತ್ತು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಇಂಥ ಬಾಟಲಿ ಕೊಳ್ಳುವ ಯಾವ ಮನೆಯವರಿಗೂ ಗೊತ್ತಿರುವುದಿಲ್ಲ, ಗೊತ್ತು ಮಾಡಿಕೊಡಬೇಕಾದ ನಮಗೆ ಬಟ್ಟು ಸಿಗುವುದಿಲ್ಲ. ನಾನು ಮರೆತೆ ಎಂದಮಾತ್ರಕ್ಕೆ ಈ ಕಾಯ್ದೆ ಸರಿ ಎಂದಾಗುವುದಿಲ್ಲ.

ಎರಡು ತಿಂಗಳ ನಂತರ ಆದೇಶ ಬಂತು: ಆಂಪ್ಯೂಲನ್ನು ಅಧಿಕಾರಿಯ ಸಮಕ್ಷಮದಲ್ಲಿ ನಾಶಪಡಿಸುವುದು. ಅದೇ ಅಧಿಕಾರಿ ಬಂದರು, ಜೊತೆಗೆ ಇಬ್ಬರು ಸಾಕ್ಷಿಗಳು, ಒಬ್ಬ ಫೋಟೋದವನು. ಅರಗು ಒಡೆದು, ಎರಡು ಕೀ ತಿರುಗಿಸಿ, ಮೇಡಂ ಆಂಪ್ಯೂಲನ್ನು ಅಧಿಕಾರಿಯ ಅಂಗೈಯಲ್ಲಿಟ್ಟರು.

"ಇದಾ?" ಎಂದರು ಅವರು. "ನಮ್ಮಮ್ಮನ ಕಣ್ಣಿನ ಡ್ರಾಪ್ಸೇ ಇದಕ್ಕಿಂತ ಜಾಸ್ತಿ ಇರುತ್ತೆ ಕಣ್ರೀ."

ಯಾರೂ ತೆರೆಯದ ದ್ರಾವಣವನ್ನು ವಿಧಿಪ್ರಕಾರ ಕೆಡಿಸಿ, ಗಾಜನ್ನು ಪುಡಿ ಮಾಡಿ, ಐದು ಜನ ಸಹಿ ಹಾಕಿದೆವು. ಅವರು ಹೋದ ಮೇಲೆ ನಾನು ಬೀರುವಿನಿಂದ ಫಾರ್ಮುಗಳ ಕಟ್ಟು ತೆಗೆದೆ. ಮೊದಲ ದಿನದ್ದು ಸಿಕ್ಕಿತು. ವಯಸ್ಸು, ತೂಕ, ಔಷಧಗಳು, ಪ್ರಮಾಣ, ವೇಳೆ. ಯಾವುದರಲ್ಲಿ ಕೊಡುತ್ತೀರಿ, ಜೊತೆಗೆ ಏನು ಎಂಬುದಕ್ಕೆ ಕಾಲಂ ಇಲ್ಲ. ಆ ಫಾರ್ಮು ನಾನು ಮಾಡಿದ್ದು.

ಅಂಚಿನ ಖಾಲಿ ಜಾಗದಲ್ಲಿ ನನ್ನದೇ ಅಕ್ಷರ: "ಒಳಲೆ, ಹಾಲು." ಅದರ ಮೇಲೆ ಒಂದು ಗೀಟು. ಪಕ್ಕದಲ್ಲಿ ನನ್ನ ಸಹಿ, ಅದೇ ದಿನದ ತಾರೀಕು. ಮೇಡಂ ಹೇಳಿಕೊಟ್ಟ ಹಾಗೆ, ಅಚ್ಚುಕಟ್ಟಾಗಿ.

ಅವರು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು. ಕಾಫಿ ತರಿಸಿದರು.

ಆ ಹಾಳೆಯ ಒಂದು ಜೆರಾಕ್ಸ್ ಹಿಡಿದು ಸಂಜೆ ಬಳೇಪೇಟೆಗೆ ಹೋದೆ. ತಾಯಿ ಗಿರಾಕಿಯ ಜೊತೆ ಚೌಕಾಶಿಯಲ್ಲಿದ್ದರು. ಹಾಸಿಗೆಯ ಮೇಲಿನಿಂದ ಹುಡುಗಿ ಕೈಚಾಚಿ ಹಾಳೆ ಕಿತ್ತುಕೊಂಡಳು. ಓದುವುದು ಅವಳಿಗೆ ನಿಧಾನ. ಬೆರಳಿಟ್ಟು, ಒಂದೊಂದೇ ಅಕ್ಷರ ಹಿಡಿದು ಓದಿದಳು.

"ಒ... ಳ... ಲೆ. ಒಳಲೆ! ಹಾ... ಲು." ತಲೆ ಎತ್ತಿದಳು. "ಇದಕ್ಯಾಕೆ ಗೀಟು ಹಾಕಿದೀಯ ಅಂಕಲ್? ತಪ್ಪಾ?"

"ಹೂಂ, ತಪ್ಪು."

"ಯಾವ್ದು? ಬರ್ದಿದ್ದಾ, ಹೊಡ್ದಿದ್ದಾ?"

"ಹೊಡೆದಿದ್ದು" ಎಂದೆ.

ಕ್ಯಾಲೆಂಡರಿಗೆ ದಾರದಲ್ಲಿ ಕಟ್ಟಿದ್ದ ಪೆನ್ಸಿಲನ್ನು ಬಿಚ್ಚಿ ನನ್ನ ಕೈಗೆ ಕೊಟ್ಟಳು. ಆ ದಿನದ ಹಾಳೆಯ ಮೇಲೆ ಒಂದೂ ಸೊನ್ನೆ ಇರಲಿಲ್ಲ.

"ಹಂಗಾದ್ರೆ ರೈಟ್ ಹಾಕು. ಸೈನೂ ಹಾಕು."

ಹಾಕಿದೆ. ತಾರೀಕನ್ನೂ ಬರೆದೆ.